ನಡುಹಗಲಿನ ಗೊರಕೆ

೧೨ ಫೆಬ್ರವರಿ ೧೯೯೬, ಸೋಮವಾರ

ಇದನ್ನು ಕನ್ನಡದಲ್ಲೇ ಬರೆಯುತ್ತೇನೆ. ಸೇಲಂನ ನಮ್ಮ ಮನೆಯಲ್ಲಿ ಕನ್ನಡ ಓದಬಲ್ಲವರು ಅಮ್ಮ ಮತ್ತು ನಾನು ಇಬ್ಬರೇ; ಅಮ್ಮ ಸ್ತೋತ್ರದ ಪುಸ್ತಕ ಬಿಟ್ಟು ಬೇರೇನೂ ಓದುವುದಿಲ್ಲ. ಓಮಲೂರಿನಲ್ಲಿ ಅಂಗಡಿಯ ಸುತ್ತಮುತ್ತ ಮಾತು ಬಲ್ಲವರಿದ್ದಾರೆ, ಅಕ್ಷರ ಬಲ್ಲವರಿಲ್ಲ. ಇದಕ್ಕಿಂತ ಒಳ್ಳೆಯ ಬೀಗ ಯಾವುದು?

ಎಂಟು ತಿಂಗಳಿಂದ ಮುತ್ತುಸ್ವಾಮಿಯವರ ಮೆಡಿಕಲ್ ಶಾಪಿನಲ್ಲಿ ಔಷಧಿ ಎತ್ತಿ ಕೊಡುತ್ತಿದ್ದೇನೆ. ಅಕ್ಷೋಭ್ಯ ಎಂಬ ಹೆಸರು ಅವರ ಬಾಯಲ್ಲಿ ಹೊರಳದೆ ‘ಅಚ್ಚು ತಂಬಿ’ ಆಗಿದೆ. ಬಿ.ಎಸ್ಸಿ. ಕೆಮಿಸ್ಟ್ರಿ ಮುಗಿಸಿದವನು ಗಲ್ಲಾದ ಹಿಂದೆ ನಿಲ್ಲುವುದೇ ಎಂದು ಅಪ್ಪನಿಗೆ ಬೇಸರ. ಅವರಿಗೆ ಗೊತ್ತಿಲ್ಲದ್ದು ಇದು: ಪ್ರತಿ ಔಷಧದ ಡಬ್ಬಿಯೊಳಗೆ ಮಡಿಸಿಟ್ಟ ಕಾಗದವೊಂದಿರುತ್ತದೆ. ಇರುವೆ ಸಾಲಿನಂಥ ಇಂಗ್ಲಿಷು. ಎಲ್ಲರೂ ಓದದೆ ಎಸೆಯುತ್ತಾರೆ. ನಾನು ಎಲ್ಲವನ್ನೂ ಓದಿದ್ದೇನೆ. ನಾನು ಸೇರಿದ ಪಾನನಿರೋಧ ಸಂಘದ ಕರಪತ್ರಗಳು ನನ್ನನ್ನು ಎಬ್ಬಿಸಿದವು ನಿಜ. ಆದರೆ ಈ ಕಾಗದಗಳು ಯಾರನ್ನೂ ಎಬ್ಬಿಸಲು ಬರೆದವಲ್ಲ, ಆದ್ದರಿಂದಲೇ ಸುಳ್ಳು ಹೇಳುವುದಿಲ್ಲ.

ದಿನವೂ ಹತ್ತೂವರೆಗೆ ಒಬ್ಬ ನಮ್ಮಲ್ಲಿ ನೋವಿನ ಇಂಜೆಕ್ಷನ್ನಿನ ಒಂದು ಆಂಪೂಲ್, ಪುಟ್ಟ ಗಾಜಿನ ಕುಪ್ಪಿ, ಕೇಳುತ್ತಾನೆ. ಅದೇ ಹೊತ್ತಿಗೆ ಇನ್ನೊಬ್ಬ ಎದುರಿನ ಅಂಗಡಿಯಲ್ಲಿ ನಿದ್ದೆಯ ಇಂಜೆಕ್ಷನ್. ಮತ್ತೊಬ್ಬ ಬಸ್ ನಿಲ್ದಾಣದ ಹಿಂದಿನ ಅಂಗಡಿಯಲ್ಲಿ ತುರಿಕೆಯದು. ಇವತ್ತು ಹಿಂಬಾಲಿಸಿದೆ. ಮೂವರೂ ಮುಚ್ಚಿದ ಸೇಗೋ, ಅಂದರೆ ಸಬ್ಬಕ್ಕಿ, ಫ್ಯಾಕ್ಟರಿಯ ಗೋಡೆ ಬಿದ್ದ ಕಡೆಯಿಂದ ಒಳಗೆ ಹೋದರು.

ಮೂರು ಅಂಗಡಿ, ಒಂದು ಸೂಜಿ. ‘ನಾನು ಕೊಟ್ಟದ್ದು ಇದೊಂದೇ’ ಎಂದು ಮೂವರು ಅಂಗಡಿಯವರೂ ನೆಮ್ಮದಿಯಾಗಿದ್ದಾರೆ. ಮೂರು ಕಾಗದಗಳನ್ನೂ ಪಕ್ಕಪಕ್ಕ ಇಟ್ಟು ಓದಿದೆ. ಒಂದೊಂದೂ ಉಳಿದೆರಡರ ಬಗ್ಗೆ ಎಚ್ಚರಿಸುತ್ತದೆ: ಜೊತೆ ಸೇರಿದರೆ ಉಸಿರು ನಿಧಾನವಾಗಬಹುದು, ನಿಲ್ಲಬಹುದು.

ಇನ್ನು ಓಮಲೂರಿನಿಂದ ಒಂದು ಹನಿಯೂ ಆ ನಡೆಯುವ ಹೆಣಗಳಿಗೆ ಸಿಗಬಾರದು. ಇದು ನನ್ನ ಪ್ರತಿಜ್ಞೆ.

೧೫ ಫೆಬ್ರವರಿ, ಗುರುವಾರ

ಊಟದ ಬಿಡುವಿನಲ್ಲಿ ಫ್ಯಾಕ್ಟರಿಗೆ ಹೋದೆ. ಶತ್ರುವನ್ನು ನೋಡಿರಬೇಕು.

ಸಬ್ಬಕ್ಕಿ ಒಣಗಿಸುತ್ತಿದ್ದ ಸಿಮೆಂಟಿನ ಅಂಗಳ ಎರಡು ಎಕರೆ ಇದ್ದೀತು, ಇನ್ನೂ ಬಿಳಿಯಾಗಿಯೇ ಇದೆ. ನಡುಹಗಲಲ್ಲಿ ಅದರ ಮೇಲೆ ನೆರಳು ಬೀಳುವುದಿಲ್ಲ. ಕಣ್ಣು ಕುಕ್ಕಿ, ನನ್ನ ಪಾದ ಎಲ್ಲಿದೆ ಎಂದು ಎರಡು ಸಲ ನೋಡಿಕೊಂಡೆ. ಮರಗೆಣಸಿನ ಹಾಲು ತಂಗುತ್ತಿದ್ದ ತೊಟ್ಟಿಗಳಿಂದ, ಫ್ಯಾಕ್ಟರಿ ಮುಚ್ಚಿ ಮೂರು ವರ್ಷವಾದರೂ, ಹುಳಿ ವಾಸನೆ ಬರುತ್ತಿದೆ.

ತಗಡಿನ ಚಪ್ಪರದಡಿ ಐವರು. ಒಬ್ಬನ ಬೆರಳ ನಡುವೆ ಬೀಡಿ ಪೂರ್ತಿ ಬೂದಿಯಾಗಿ ಮುರಿಯದೆ ನಿಂತಿತ್ತು. ಲಾರಿ ಡ್ರೈವರ್ ಶಿವರಾಮನ್ ಎಂಬವನು ಲುಂಗಿ ಸರಿಪಡಿಸಲು ಬಗ್ಗಿದವನು ಬಗ್ಗಿದಂತೆಯೇ ನಿಂತುಬಿಟ್ಟಿದ್ದ. ನೂರು ಎಣಿಸಿದೆ. ಬೀಳಲೂ ಇಲ್ಲ, ಏಳಲೂ ಇಲ್ಲ.

‘ಛೆ’ ಎಂದದ್ದು ಬಾಯಿಂದ ಜೋರಾಗಿಯೇ ಬಂದಿರಬೇಕು.

“ಕನ್ನಡದೋರಾ ಸಾಮಿ?” ಎಂದ ಒಬ್ಬ. ಹೆಸರು ಗಿರಿ. ಇಪ್ಪತ್ತಾರು ಇರಬಹುದು, ಒಂದು ಕಾಲು ಎಳೆದು ನಡೆಯುತ್ತಾನೆ. ಮಾರಂಡಹಳ್ಳಿ ಕಡೆಯ ಕುರಿ ಸಾಕುವವರು. ಲಾರಿಯಲ್ಲಿ ಕ್ಲೀನರ್ ಆಗಿದ್ದಾಗ ಟೈರು ಪಾದದ ಮೇಲೆ ಹತ್ತಿತಂತೆ. ಆಗ ಹಾಕಿದ ನೋವಿನ ಇಂಜೆಕ್ಷನ್ ಪಾದ ವಾಸಿಯಾದ ಮೇಲೂ ಬಿಡಲಿಲ್ಲ. ಈಗ ತಾಯಿ ಚಿನ್ನಕ್ಕನ ಮಂದೆಯ ಜೊತೆ ಬಂದಿದ್ದಾನೆ. ಕೊಯ್ಲಾದ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸುತ್ತಾರೆ, ಫ್ಯಾಕ್ಟರಿಯ ಹಿಂದಿನ ಹೊಲದಲ್ಲೇ.

“ನನ್ನನ್ನು ಸಾಮಿ ಅನ್ನಬೇಡ” ಎಂದೆ.

“ಮತ್ತೆ ಏನನ್ಲಿ? ಮರುಂದು ಸಾಮಿ ಅನ್ಲಾ?” ಎಂದು, ಮದ್ದಿಗೆ ತಮಿಳಿನ ಮಾತು ಹಾಕಿ ನಕ್ಕ. ಸಿರಿಂಜನ್ನು ಬೆಳಕಿಗೆ ಹಿಡಿದು ತೋರಿಸಿದ. “ಇದ್ ನೋಡಿ ತಮಾಸೆ. ಇದೂ ನೀರು, ಅದೂ ನೀರು. ಕೂಡಿದ್ರೆ ಹಾಲು.”

ನಿಜ. ತಿಳಿಯಾಗಿದ್ದ ಎರಡು, ಕಣ್ಣೆದುರಿಗೆ ಮಬ್ಬಾದವು. ಆ ಬಿಳುಪು ರಕ್ತಕ್ಕೆ ಹೋದರೆ ನರ ಕಟ್ಟಿಕೊಳ್ಳುತ್ತದೆ, ಕೈ ಕೊಳೆಯುತ್ತದೆ ಎಂದು ಅಲ್ಲೇ ಭಾಷಣ ಮಾಡಿದೆ. ಐವರೂ ಬಹಳ ಮರ್ಯಾದೆಯಿಂದ ಕೇಳಿಸಿಕೊಂಡರು. ಆಮೇಲೆ ನೋಡಿದರೆ ಮೂವರು ಕಣ್ಣು ತೆರೆದೇ ಮಲಗಿದ್ದರು.

೨೨ ಫೆಬ್ರವರಿ, ಗುರುವಾರ

ಗೆದ್ದೆ!

ಔಷಧ ಇನ್‌ಸ್ಪೆಕ್ಟರಿಗೆ ಪತ್ರ ಬರೆದು, ಅದರ ಕಾರ್ಬನ್ ಪ್ರತಿಗಳನ್ನು ಓಮಲೂರಿನ ನಾಲ್ಕೂ ಅಂಗಡಿಯವರ ಮುಂದಿಟ್ಟೆ. ಅಂಚೆಗೆ ಹಾಕುವುದು ಬಿಡುವುದು ಅವರ ಕೈಯಲ್ಲಿದೆ ಎಂದೆ. ಮುತ್ತುಸ್ವಾಮಿ ತಲೆ ಹಿಡಿದು ಕೂತರು. “ಊರ್ ವಂಬು ನಮಕ್ಕೆದುಕ್ಕು ತಂಬಿ?” ಊರ ತಂಟೆ ನಮಗೇಕೆ ಎಂದು ಕೇಳುವವರಿಂದಲೇ ಊರು ಹಾಳಾಗಿರುವುದು. ಮೂರು ಬಗೆಯ ಇಂಜೆಕ್ಷನ್ನನ್ನೂ ಡಾಕ್ಟರ ಚೀಟಿ ಇಲ್ಲದೆ ಕೊಡುವುದಿಲ್ಲ ಎಂದು ನಾಲ್ವರೂ ಒಪ್ಪಿದರು.

ಒಬ್ಬನೇ ಮನುಷ್ಯ, ಕೈಯಲ್ಲಿ ನಾಲ್ಕು ಹಾಳೆ ಕಾಗದ. ಇಷ್ಟೇ ಸಾಕು.

೪ ಮಾರ್ಚ್, ಸೋಮವಾರ

ಗಿರಿ ಅಂಗಡಿಗೆ ಬಂದಿದ್ದ. ಈ ಸುಡುಬಿಸಿಲಿನಲ್ಲಿ ಅವನ ತೋಳಿನ ರೋಮ ನೆಟ್ಟಗೆ ನಿಂತಿತ್ತು. ಮೂಗು ಸೋರುತ್ತಿತ್ತು, ಆಕಳಿಕೆ ಮೇಲೆ ಆಕಳಿಕೆ.

“ಒಂದೇ ಒಂದು ಸಾಮಿ. ಬೇರೇದ್ ಸೇರ್ಸಲ್ಲ.”

“ಇಲ್ಲ.”

“ನಿಮ್ ಕಾಲ್ ಮೇಲೆ ಲಾರಿ ಅತ್ತಿದ್ರೆ ಗೊತ್ತಾಗ್ತಿತ್ತು.”

“ಇಲ್ಲ ಅಂದೆನಲ್ಲ.”

“ಸರಿ ಬುಡಿ.” ಎರಡು ಹೆಜ್ಜೆ ಹೋಗಿ ತಿರುಗಿದ. “ಉಲ್ಲು ಸಿಗ್ದಿದ್ರೆ ಮೇಕೆ ಸುಮ್ನೆ ಕುಂತಿರ್ತದಾ? ಕಳ್ಳಿಗೆ ಬಾಯಾಕ್ತದೆ.”

ವ್ಯಸನಿಗಳ ತರ್ಕ ಹೀಗೆಯೇ ಇರುತ್ತದೆ. ಮಣಿಯಬಾರದು.

೧೨ ಮಾರ್ಚ್, ಮಂಗಳವಾರ

ಶಿವರಾಮನ್ ಸತ್ತ.

ಗಿರಿ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ. ಅಂಗಡಿಗಳಲ್ಲಿ ಸಿಗದೆ ಇದ್ದದ್ದರಿಂದ ಸೇಲಂನಿಂದ ಯಾರೋ ನೋವಿನದನ್ನು ತಂದರು. ಸಾಲದೆ ಬಂದಾಗ ಗಿರಿ ತನ್ನ ಮಂದೆಯ ಬಾಟಲಿ ತಂದ. ಕುರಿಗೆ ತುರಿ ಎದ್ದಾಗ ಕುರಿಗಾರರೇ ಹಾಕುವ ದೊಡ್ಡ ಬಾಟಲಿ. ಹನ್ನೊಂದು ಗಂಟೆಗೆ ಶಿವರಾಮನ್ ಅಂಗಾತ ಮಲಗಿದ. ಗೊರಕೆ ಶುರುವಾಯಿತು.

“ಅಂತಾ ಗೊರ್ಕೆ ಕೇಳೇ ಇಲ್ಲ ಸಾಮಿ. ಲಾರಿ ಗೇರ್ ಬದಲಾಯ್ಸ್ದಂಗೆ. ನಾವ್ ಬಿದ್ದು ಬಿದ್ದು ನಗ್ತಿದ್ದೋ. ‘ಲೇ, ಘಾಟು ಅತ್ತುಸ್ತಾವ್ನೆ, ಏರ್ಕಾಡ್‌ಗೆ ಓಗ್ತಾವ್ನೆ’ ಅಂತ.”

ಬಿಸಿಲು ಮುಖಕ್ಕೆ ಬಂದಾಗ ಟವೆಲು ಹೊದಿಸಿದರು. ಟೀ ತಂದವರು ಅವನಿಗೂ ಒಂದು ಲೋಟ ಪಕ್ಕದಲ್ಲಿಟ್ಟರು. ಗೊರಕೆ ಯಾವಾಗ ನಿಂತಿತೆಂದು ಯಾರಿಗೂ ಗೊತ್ತಿಲ್ಲ. ‘ಈಗ ಇಳಿಜಾರು, ನ್ಯೂಟ್ರಲ್ ಹಾಕಿದಾನೆ’ ಎಂದು ಯಾರೋ ಅಂದರಂತೆ. ಮೂರು ಗಂಟೆಯವರೆಗೆ ಅವನನ್ನು ಮಾತಾಡಿಸುತ್ತ, ಅವನ ಪರವಾಗಿ ತಾವೇ ಉತ್ತರ ಕೊಡುತ್ತ ಕೂತಿದ್ದರು.

ಟೀಯ ಮೇಲೆ ಕೆನೆ ಕಟ್ಟಿತ್ತು ಎಂದು ಗಿರಿ ಎರಡು ಸಲ ಹೇಳಿದ.

೧೩ ಮಾರ್ಚ್, ಬುಧವಾರ

ನಾನು ಮಾರಿದ್ದಲ್ಲ.

೨೦ ಮಾರ್ಚ್, ಬುಧವಾರ

ಇವತ್ತು ಯುಗಾದಿ, ರಜ. ಊಟವಾದ ಮೇಲೆ ಅಮ್ಮ ಜಗುಲಿಯಲ್ಲಿ ಕಣ್ಣುಮುಚ್ಚಿದಳು. ಹದಿನಾಲ್ಕು. ನಿಮಿಷಕ್ಕೆ ಹದಿನಾಲ್ಕು ಉಸಿರು ಸರಿಯಾದ ಲೆಕ್ಕ. ಇನ್ನೊಂದು ನಿಮಿಷ ಎಣಿಸಿದೆ, ಹದಿಮೂರು ಬಂತು. ಎಬ್ಬಿಸಿದೆ.

“ಏನೋ ಅಚ್ಚು? ಈಗಿನ್ನೂ ನಿದ್ದೆ ಹತ್ತಿತ್ತು.”

“ಏನಿಲ್ಲ.”

“ಹಾಗಾದರೆ ಯಾಕೋ ಹೀಗೆ ಮುಖ ಮಾಡ್ಕೊಂಡಿದೀಯ?”

ಬಸ್ಸಿನಲ್ಲಿಯೂ ಎಣಿಸುತ್ತೇನೆ. ಗಾಳಿಗೆ ಬಾಯಿ ತೆರೆದು ಮಲಗುವವರು ಎಷ್ಟು ಜನ! ಯಾರೂ ಯಾರನ್ನೂ ನೋಡುವುದಿಲ್ಲ.

೨೪ ಮಾರ್ಚ್, ಭಾನುವಾರ

ಮಂದೆಗೆ ಹೋಗಿ ಚಿನ್ನಕ್ಕನನ್ನು ಕಂಡೆ. ಐವತ್ತು ದಾಟಿದ ಹೆಂಗಸು, ಒಣಗಿದ ಹುಣಿಸೆ ಕೊಂಬೆಯಂಥ ಕೈ. ಮಡಿಲಲ್ಲಿ ಕುರಿಮರಿ ಹಿಡಿದು ಗೊರಸಿನ ಮುಳ್ಳು ತೆಗೆಯುತ್ತಿದ್ದಳು. ಬಾಟಲಿ ಕೊಡು ಎಂದೆ.

“ನನ್ ಕುರಿಗೆ ತುರಿ ಎದ್ರೆ ನೀವ್ ಬಂದು ಕೆರೀತೀರಾ ಸಾಮಿ?”

ಶಿವರಾಮನ್ ವಿಷಯ ಹೇಳಿದೆ. ಅಲ್ಲೇ ಕಂಬಳಿಯ ಮೇಲಿದ್ದ ಗಿರಿ ಜಗಳಕ್ಕೆ ಬಂದ. “ಮೂವತ್ ಕೇಜಿ ಕುರಿಗೆ ಆಕ್ತೀವಿ, ಎದ್ದು ಮೇಯ್ತದೆ. ನಾನು ಅರವತ್ತು. ಎಳ್ಡು ಕುರಿ ಲೆಕ್ಕ ಆಕ್ಕೊಂಡೆ. ಅದ್ರಾಗ್ ತಪ್ಪೇನು?”

ಹುಟ್ಟಿದಾಗಿನಿಂದ ತೂಕ ನೋಡಿ ಮದ್ದು ಹಾಕಿದವನು. ಲೆಕ್ಕ ಸರಿಯಾಗಿಯೇ ಇದೆ. ಆದರೆ ಯಾವ ಕುರಿಯೂ ಅದಕ್ಕೆ ಮುಂಚೆ ನೋವಿನ ಇಂಜೆಕ್ಷನ್ ಹಾಕಿಸಿಕೊಂಡಿರುವುದಿಲ್ಲ. ಇದನ್ನು ಹೇಗೆ ಹೇಳುವುದು? ಒಂದು ಔಷಧ ಮೈಯನ್ನು ಮಲಗಿಸುತ್ತದೆ, ಆದರೂ ಒಳಗೆ ಉಸಿರು ನೋಡಿಕೊಳ್ಳುವ ಒಂದು ಎಚ್ಚರ ಉಳಿದಿರುತ್ತದೆ, ಎರಡನೆಯದು ಅದನ್ನೂ ಮಲಗಿಸುತ್ತದೆ ಎಂದೆ.

ಚಿನ್ನಕ್ಕ ಮುಳ್ಳು ಬಿಟ್ಟು ತಲೆ ಎತ್ತಿದಳು. “ಅಂಗನ್ನಿ. ಮಂದೆಗೆ ಎಳ್ಡು ನಾಯಿ. ಒಂದ್ ಮಲಗಿದ್ರೆ ಒಂದ್ ಕಾಯ್ತದೆ. ಎಳ್ಡೂ ಮಲಗಿದ್ರೆ ತೋಳ ಸದ್ದೇ ಮಾಡಲ್ಲ, ನಡ್ಕಂಡೇ ಬರ್ತದೆ.”

ನಾನು ಓದಿದ ಯಾವ ಕಾಗದದಲ್ಲೂ ಇಷ್ಟು ಸ್ಪಷ್ಟವಾಗಿ ಬರೆದಿಲ್ಲ. ಬಾಟಲಿಯನ್ನು ತಾನೇ ಬಚ್ಚಿಡುತ್ತೇನೆ ಎಂದಳು. ಹೊರಡುವಾಗ ರಾಗಿ ಮುದ್ದೆ ತಿನ್ನುತ್ತೀರಾ ಎಂದು ಕೇಳಲು ಹೋಗಿ, ನನ್ನ ಜಾತಿ ನೆನಪಾಗಿ ಸುಮ್ಮನಾದಳು. ಕೇಳಿದ್ದರೆ ತಿನ್ನುತ್ತಿದ್ದೆ.

೯ ಏಪ್ರಿಲ್, ಮಂಗಳವಾರ

ಇವತ್ತಿನದನ್ನು ಕ್ರಮವಾಗಿ ಬರೆಯಬೇಕು.

ಹನ್ನೆರಡೂವರೆಗೆ ಊಟದ ಡಬ್ಬಿ ಹಿಡಿದು ಅಂಗಳಕ್ಕೆ ಹೋದೆ. (ಈಚೆಗೆ ಅಲ್ಲೇ ಉಣ್ಣುತ್ತೇನೆ. ಅಂಗಡಿಯೊಳಗೆ ಸೆಕೆ.) ಗೋಡೆಯ ಆಚೆಯಿಂದಲೇ ಸದ್ದು ಕೇಳಿಸಿತು. ಗೊರಕೆಯೆಂದರೆ ಮೂಗಿನದಲ್ಲ, ಬಗ್ಗಿಸಿದ ಕೊಡದ ತಳದಲ್ಲಿ ಉಳಿದ ನೀರಿನದು. ಗಿರಿ ಅಂಗಾತ ಬಿದ್ದಿದ್ದ. ತುಟಿ ನೇರಳೆ ಹಣ್ಣು ತಿಂದವನಂತೆ.

ಪಕ್ಕದಲ್ಲಿ ದಾಸಪ್ಪ, ಅವನ ಜೊತೆಯವನು, ನೊಣ ಓಡಿಸುತ್ತ ಕೂತಿದ್ದ. “ಎಬ್ಬುಸ್ಬೇಡಿ ಸಾಮಿ, ಪಾವಂ. ಮೂರ್ ದಿನದಿಂದ ಕಣ್ ಮುಚ್ಚಿಲ್ಲ. ಈಗ ಚೆನ್ನಾಗ್ ಬಿದ್ದವ್ನೆ.”

ನಾನು ಚೀಲದಿಂದ ಕಾಗದ ತೆಗೆದೆ. ಹೌದು, ಆ ಹೊತ್ತಿನಲ್ಲಿ ಕಾಗದ ತೆಗೆದೆ. ಪ್ರಮಾಣ ಹೆಚ್ಚಾದರೆ ಆಸ್ಪತ್ರೆಯಲ್ಲಿ ಉಸಿರಾಟಕ್ಕೆ ನೆರವು ಕೊಡಬೇಕು ಎಂದಿತ್ತು. ಸಿಮೆಂಟಿನ ಅಂಗಳದಲ್ಲಿ ಏನು ಮಾಡಬೇಕೆಂದು ಇರಲಿಲ್ಲ. ಅದರ ಕೆಳಗೆ ಕಂಪನಿಯ ವಿಳಾಸ.

ಬೇಲಿ ಹಾರಿ ಚಿನ್ನಕ್ಕ ಬಂದಳು. ಅವಳಿಗೂ ಸದ್ದು ಕೇಳಿತ್ತು. “ಅಂಗಾತ ಬಿದ್ದ ಕುರಿ ಎಲ್ಲಾರ ಬದುಕ್ತದೇನ್ರೋ, ಮುಂಡೇಮಕ್ಳಾ!” ಎನ್ನುತ್ತ ಮಗನ ಆಚೆ ಕಡೆಯ ಮಂಡಿ ಮಡಿಸಿ, ಭುಜ ಹಿಡಿದು ಒಂದೇ ಎಳೆತಕ್ಕೆ ಪಕ್ಕಕ್ಕೆ ಹೊರಳಿಸಿದಳು. ವಿಷದ ಜೋಳ ಮೇಯ್ದು ಬಿದ್ದ ಕುರಿಯನ್ನು ಕೂರಿಸುವುದು ಹಾಗೆಯೇ ಅಂತೆ. ಬಾಯೊಳಗೆ ಬೆರಳು ಹಾಕಿ ನೊರೆ ತೆಗೆದಳು. ಎದೆಮೂಳೆಯನ್ನು ಗೆಣ್ಣಿನಿಂದ ಉಜ್ಜಿದಳು. “ಏಳಲಾ! ಗಿರೀ! ನಿಮ್ಮಪ್ಪಂಗುಟ್ಟಿದ್ರೆ ಏಳಲಾ!”

ಒಂದು ಉಸಿರು ಬಂತು. ಎಣಿಸಿದೆ. ಹತ್ತು, ಹದಿನೈದು, ಇಪ್ಪತ್ತು. ಇನ್ನೊಂದಿಲ್ಲ.

ಆಗ ಅಂಗಾತ ಮಾಡಿ, ಮೂಗು ಹಿಡಿದು, ಅವನ ಬಾಯಿಗೆ ಬಾಯಿಟ್ಟು ಊದಿದೆ. ಪ್ರಥಮ ಚಿಕಿತ್ಸೆಯ ಕರಪತ್ರವೊಂದರಲ್ಲಿ ಚಿತ್ರ ನೋಡಿದ್ದೆ. ನನ್ನ ಉಸಿರಿಗೆ ಅವನ ಎದೆ ಏಳುವುದು ಕಂಡಿತು, ಬೇರೆ ಯಾರದೋ ಮನೆಯ ಬಾಗಿಲು ತೆರೆದು ಒಳಗೆ ಹೋದಂತಾಯಿತು. ಟೆಂಪೋ ಸಿಗುವವರೆಗೆ, ಟೆಂಪೋದಲ್ಲಿ, ಆಸ್ಪತ್ರೆಯ ಮೆಟ್ಟಿಲವರೆಗೆ ಊದಿದೆ. ಅವನದೇ ಉಸಿರು ಆಗೀಗ ಬರುತ್ತಿತ್ತು. ಯಾವುದು ಅವನದು ಯಾವುದು ನನ್ನದು ಎಂದು ಕೊನೆಕೊನೆಗೆ ಗೊತ್ತಾಗಲಿಲ್ಲ.

ಮೆಟ್ಟಿಲಲ್ಲಿ ಚಿನ್ನಕ್ಕ ನನ್ನ ತೋಳು ಹಿಡಿದಳು. “ಆವು ಕಚ್ತು ಅನ್ನಿ ಸಾಮಿ. ಇಲ್ದಿದ್ರೆ ಪೊಲೀಸು.” ಅಷ್ಟರಲ್ಲಿ ದಾಸಪ್ಪ ಹಾಗೆಯೇ ಹೇಳಿ ಚೀಟಿ ಬರೆಸಿಬಿಟ್ಟಿದ್ದ. ಡಾಕ್ಟರು ಕಾಲಿನಲ್ಲಿ ಹಲ್ಲಿನ ಗುರುತು ಹುಡುಕುತ್ತಿದ್ದರು. ಟೆಂಪೋದಲ್ಲಿ ದಾಸಪ್ಪ ಬಾಯಿಬಿಟ್ಟಿದ್ದನ್ನೆಲ್ಲ ನಾನು ಹೇಳಿದೆ: ಸೇಲಂನ ನೋವಿನ ಇಂಜೆಕ್ಷನ್, ಏರ್ಕಾಡ್ ಬಸ್ಸಿನಲ್ಲಿ ಬಂದ ಯಾರೋ ಕೊಟ್ಟ ನಿದ್ದೆ ಮಾತ್ರೆ, ಬಚ್ಚಿಟ್ಟಲ್ಲಿಂದ ಹುಡುಕಿ ತೆಗೆದ ಕುರಿ ಬಾಟಲಿ. ಚಿನ್ನಕ್ಕ ನನ್ನನ್ನು ನೋಡಿದ ನೋಟ ಮರೆಯಲಾರೆ. ಡಾಕ್ಟರು ಕಾಲು ಬಿಟ್ಟು ಗಂಟಲಿಗೆ ಬಂದರು, ಕೊಳವೆ ಇಳಿಸಿದರು.

ಸಂಜೆ ಐದಕ್ಕೆ ಗಿರಿ ಕಣ್ಣು ಬಿಟ್ಟ. ಪೊಲೀಸರು ಬರಲಿಲ್ಲ.

೧೯ ಏಪ್ರಿಲ್, ಶುಕ್ರವಾರ

ಗಿರಿಗೆ ಒಂದು ಆಂಪೂಲ್ ಕೊಟ್ಟೆ. ಮೇಕೆ ಮತ್ತೆ ಕಳ್ಳಿಗೆ ಬಾಯಿ ಹಾಕಬಾರದು. ಹೊಸ ಸೂಜಿಯನ್ನೂ ಕೊಟ್ಟೆ.

ಜೊತೆಗೆ ತಮಿಳಿನಲ್ಲಿ ದಪ್ಪ ಅಕ್ಷರದ ಒಂದು ಚೀಟಿ: ಇದರ ಜೊತೆ ಇವು ಕೂಡದು. ನಿದ್ದೆಯ ಇಂಜೆಕ್ಷನ್, ನಿದ್ದೆ ಮಾತ್ರೆ, ತುರಿಕೆ ಇಂಜೆಕ್ಷನ್, ಕುರಿ ಬಾಟಲಿ, ಕೆಮ್ಮಿನ ಸಿರಪ್. ಒಬ್ಬನೇ ಇರುವಾಗ ಕೂಡದು. ಅಂಗಾತ ಮಲಗಕೂಡದು. ಚಿನ್ನಕ್ಕ ತನ್ನ ಕಂಬಳಿ ಹಾಸಿದಳು, ಗಿರಿ ಅದರ ಮೇಲೆ ಕೈಯಿಟ್ಟು ಆಣೆ ಮಾಡಿದ. ಕಂಬಳಿ ಆಣೆಗಿಂತ ದೊಡ್ಡದು ಅವರಲ್ಲಿ ಇಲ್ಲ.

“ಸಾಮಿ ಬರ್ದದ್ದು ಒಂದಕ್ಷರ ಮೀರಲ್ಲ” ಎಂದ.

ಮುತ್ತುಸ್ವಾಮಿಗೆ ಗೊತ್ತಿಲ್ಲ. ಅವರು ಅಂಗಡಿ ಮುಚ್ಚಿಸಿ, ಬೀಗದ ಕೈ ನನಗೆ ಕೊಟ್ಟು, ಹನ್ನೆರಡರಿಂದ ಎರಡರವರೆಗೆ ಮನೆಗೆ ಹೋಗುತ್ತಾರೆ.

೩೦ ಏಪ್ರಿಲ್, ಮಂಗಳವಾರ

ಮಧ್ಯಾಹ್ನದ ಊಟದ ಹೊತ್ತು ಈಗ ಒಂದು ಕ್ರಮಕ್ಕೆ ಬಂದಿದೆ. ನಾಲ್ವರನ್ನೂ ಪಕ್ಕಕ್ಕೆ, ಮಂಡಿ ಮಡಿಸಿ ಮಲಗಿಸುತ್ತೇನೆ. ನಾನು ಕಂಬಕ್ಕೆ ಒರಗಿ ಕಣ್ಣು ಮುಚ್ಚಿ ಎಣಿಸುತ್ತೇನೆ. ಕಣ್ಣು ಮುಚ್ಚಿದರೆ ಒಬ್ಬೊಬ್ಬನ ಉಸಿರೂ ಬೇರೆ ಕೇಳುತ್ತದೆ. ಗಿರಿಯದು ಕೊನೆಯಲ್ಲಿ ಸ್ವಲ್ಪ ಸೀಟಿ ಹೊಡೆಯುತ್ತದೆ. ದಾಸಪ್ಪ ಬಿಟ್ಟ ಮೇಲೆ ಯೋಚಿಸಿ ತೆಗೆದುಕೊಳ್ಳುತ್ತಾನೆ.

ಇವತ್ತು ಐದು ಎಣಿಸಿದೆ. ಮತ್ತೆ ಎಣಿಸಿದೆ, ನನ್ನದನ್ನು ಬಿಗಿಹಿಡಿದು. ಐದು. ಐದನೆಯದು ತೊಟ್ಟಿಯ ಕಡೆಯಿಂದ ಬರುತ್ತದೆ, ಭಾರವಾಗಿ, ನಡುವೆ ಗೇರ್ ಬದಲಾಯಿಸಿದಂತೆ ಒಂದು ತಡೆ. ಖಾಲಿ ತೊಟ್ಟಿಯ ಗೋಡೆಗೆ ತಾಗಿ ಶಬ್ದ ಹಿಂದಿರುಗುತ್ತದೆ. ಪ್ರತಿಧ್ವನಿ. ಭೌತಶಾಸ್ತ್ರದ ಮೊದಲ ಪಾಠ.

೮ ಮೇ, ಬುಧವಾರ

ನಾಲ್ವರು. ಐದು.

೧೪ ಮೇ, ಮಂಗಳವಾರ

ನಾಲ್ವರು. ಐದು. ಐದನೆಯದು ಇವತ್ತು ಸಮವಾಗಿತ್ತು, ತಡೆ ಇರಲಿಲ್ಲ. ಒಳ್ಳೆಯದು.

ಅಂಗಡಿಯಲ್ಲಿ ಒಬ್ಬರು ಕೆಮ್ಮಿನ ಸಿರಪ್ ಕೇಳಿದಾಗ, ಬೇರೇನು ತೆಗೆದುಕೊಳ್ಳುತ್ತಿದ್ದೀರಿ ಎಂದು ಕೇಳುತ್ತ ಹತ್ತು ನಿಮಿಷ ಕಳೆದೆನಂತೆ. “ಕೋರ್ಟಾ ತಂಬಿ ಇದು?” ಎಂದರು ಮುತ್ತುಸ್ವಾಮಿ. ಸಂಘದಿಂದ ಎರಡು ಪತ್ರ ಬಂದಿದೆ, ಸಭೆಗೆ ಯಾಕೆ ಬರುತ್ತಿಲ್ಲ ಎಂದು. ಸಭೆ ಇಡುವುದು ಮಧ್ಯಾಹ್ನ. ಹೇಗೆ ಹೋಗುವುದು?

೨೭ ಮೇ, ಸೋಮವಾರ

ಮಂದೆ ನಾಳೆ ಮಾರಂಡಹಳ್ಳಿಗೆ ಹೊರಡುತ್ತದೆ. ಮುಂಗಾರಿಗೆ ಮುಂಚೆ ಅವರಲ್ಲಿ ಮನೆದೇವರಿಗೆ ಟಗರು ಕೊಡುವ ದಿನವಿದೆಯಂತೆ, ಅಷ್ಟರೊಳಗೆ ಮುಟ್ಟಬೇಕು. ಗಿರಿಗೆ ದಿನಕ್ಕೊಂದರಂತೆ ಹದಿನೈದು ದಿನದ ಆಂಪೂಲ್‌ಗಳನ್ನು ಕೊಟ್ಟೆ, ಅಷ್ಟೇ ಸೂಜಿಗಳನ್ನೂ. ಆಮೇಲೆ ಅವನು ಬಸ್ಸಿನಲ್ಲಿ ಬರುತ್ತಾನೆ, ಇಬ್ಬರೂ ಡಾಕ್ಟರ ಹತ್ತಿರ ಹೋಗಿ ನಿಧಾನವಾಗಿ ಬಿಡಿಸುವ ದಾರಿ ಕೇಳುವುದೆಂದು ಮಾತಾಗಿದೆ.

“ಅಲ್ಲಿ ಯಾರು ನೋಡ್ಕೋತಾರೆ?” ಎಂದೆ.

“ಅವ್ವ ಐತಲ್ಲ. ನಿಮ್ಗಿಂತ ಜೋರು. ನೀವು ಎಣುಸ್ತೀರ, ಅವ್ವ ಒದೀತದೆ.”

ಈ ಸಲ ಚಿನ್ನಕ್ಕ ಮುದ್ದೆ ಕೊಟ್ಟೇಬಿಟ್ಟಳು. ಹುರುಳಿ ಸಾರು. ತಿಂದೆ. ಅಮ್ಮನಿಗೆ ಹೇಳಬೇಕೆಂದು ಅನ್ನಿಸಲಿಲ್ಲ. “ಇನ್ನೊಸಿ ಆಕ್ಲಾ ಸಾಮಿ?” ಎಂದಳು, “ಹಾಕು” ಎಂದೆ.

೩ ಜೂನ್, ಸೋಮವಾರ

ಮೂವರು. ನಾಲ್ಕು.

೮ ಜೂನ್, ಶನಿವಾರ

ಮೂವರು. ಐದು. ಒಂದೂವರೆ ಗಂಟೆವರೆಗೆ ನಾಲ್ಕು, ಆಮೇಲೆ ಐದು. ಹೊಸದು ಹತ್ತಿರದಲ್ಲೇ ಇತ್ತು, ಕೊನೆಯಲ್ಲಿ ಸ್ವಲ್ಪ ಸೀಟಿ.

ತುಂಬ ಸೆಕೆ. ಬೇಗ ಅಂಗಡಿಗೆ ವಾಪಸಾದೆ.

೧೧ ಜೂನ್, ಮಂಗಳವಾರ

ಚಿನ್ನಕ್ಕ ಬಂದಿದ್ದಳು. ಒಬ್ಬಳೇ, ಬಸ್ಸಿನಲ್ಲಿ. ಗಲ್ಲಾದ ಮುಂದೆ ನಿಂತು, ಮುತ್ತುಸ್ವಾಮಿ ಇರುವುದನ್ನು ಲೆಕ್ಕಿಸದೆ ಹೇಳಿದಳು: “ಗಿರಿ ಓಗ್ಬುಟ್ಟ. ಸನಿವಾರ, ಮದ್ಯಾನ.”

ಶನಿವಾರ ಮನೆದೇವರ ದಿನ. ಬೆಳಿಗ್ಗೆ ಗಿರಿ ನಾನು ಕೊಟ್ಟದ್ದನ್ನು ಹಾಕಿಕೊಂಡಿದ್ದ, ಒಂದೇ. ಟಗರು ಕಡಿದ ಮೇಲೆ ದೇವರ ಮುಂದಿಟ್ಟ ಸಾರಾಯಿಯನ್ನು ಮನೆಯ ಗಂಡು ಮಕ್ಕಳು ಕುಡಿಯಬೇಕು. ತಂದೆಯಿಲ್ಲದ ಮನೆಗೆ ಅವನೊಬ್ಬನೇ ಗಂಡು. ತಂದೆಯ ಪಾಲು, ತನ್ನ ಪಾಲು, ಎರಡನ್ನೂ ಕುಡಿದ. ಆಮೇಲೆ ನೆರಳಿಗೆ ಹೋಗಿ ಮಲಗಿದ, ಹೇಳಿಕೊಟ್ಟ ಹಾಗೆ ಪಕ್ಕಕ್ಕೆ, ಮಂಡಿ ಮಡಿಸಿ. ಅವಳು ಐವತ್ತು ಜನಕ್ಕೆ ಬೇಯಿಸುತ್ತಿದ್ದಳು. ತಮಟೆಯ ಸದ್ದಿನಲ್ಲಿ ಏನೂ ಕೇಳಲಿಲ್ಲ.

ಸೆರಗಿನಿಂದ ನನ್ನ ಚೀಟಿ ತೆಗೆದು ಗಲ್ಲಾದ ಮೇಲೆ ಬಿಡಿಸಿಟ್ಟಳು.

“ಊರೆಲ್ಲ ಕಂಬಳಿ ಆಣೆ ಮುರ್ದ ಅಂತೈತೆ. ಆಣೆ ಮುರ್ದೋನಿಗೆ ಇರೀಕರ ಜೊತೆ ಎಡೆ ಇಕ್ಕಲ್ಲ ಅಂತಾರೆ. ನಂಗ್ ಅಕ್ಸರ ಬರಲ್ಲ. ನೀನ್ ಬರ್ದದ್ದು ನೀನೇ ಓದು. ಇದ್ರಾಗೆ ಸಾರಾಯಿ ಎಲ್ಲೈತೆ, ತೋರ್ಸು.”

ಓದಿದೆ. ಮೇಲಿನಿಂದ ಕೆಳಗೆ, ಜೋರಾಗಿ. ನಿದ್ದೆಯ ಇಂಜೆಕ್ಷನ್, ನಿದ್ದೆ ಮಾತ್ರೆ, ತುರಿಕೆ ಇಂಜೆಕ್ಷನ್, ಕುರಿ ಬಾಟಲಿ, ಕೆಮ್ಮಿನ ಸಿರಪ್.

ಇರಲಿಲ್ಲ.

ಡಬ್ಬಿಯ ಕಾಗದದಲ್ಲಿ ಇದೆ. ಅವಳು ಹೋದ ಮೇಲೆ ತೆಗೆದು ನೋಡಿದೆ, ಮೊದಲ ಸಾಲಿನಲ್ಲೇ ಇದೆ. ನೂರು ಸಲ ಓದಿದ್ದೆ. ಆದರೆ ಸಾರಾಯಿಯ ಕರಪತ್ರಗಳನ್ನು ನಾನು ಬೇರೆ ಕಟ್ಟಿನಲ್ಲಿ ಕಟ್ಟಿಟ್ಟಿದ್ದೇನೆ. ಹೆಂಡತಿಯರ ಕಣ್ಣೀರು, ಹಾಳಾದ ಸಂಸಾರ, ಚಳವಳಿಯ ಘೋಷಣೆ. ಅದು ಪಾಪದ ಕಟ್ಟು. ಇದು ಔಷಧದ ಕಟ್ಟು. ಒಂದು ಹೊಟ್ಟೆಯೊಳಗೆ ಎರಡು ಕಟ್ಟು ಇರುವುದಿಲ್ಲ ಎಂದು ಹೊಳೆಯಲೇ ಇಲ್ಲ. ಗಿರಿಗೂ ಹಾಗೆಯೇ ಇದ್ದಿರಬೇಕು. ಅವನಿಗೆ ಅದು ದೇವರದು, ಮದ್ದಲ್ಲ.

ಇದ್ದದ್ದೆಂದು ಹೇಳಿಬಿಡಬಹುದಿತ್ತು. ಅವಳಿಗೆ ಓದಲು ಬಾರದು.

“ಇಲ್ಲ ಚಿನ್ನಕ್ಕ. ನಾನು ಬರೆಯಲಿಲ್ಲ. ಅವನು ಮಾತು ತಪ್ಪಲಿಲ್ಲ.”

ಹೊಡೆಯುತ್ತಾಳೆ ಎಂದುಕೊಂಡೆ. ಅವಳು ಚೀಟಿಯನ್ನು ಮಡಿಸಿದಳು, ಮೊದಲಿದ್ದ ಗೆರೆಗಳ ಮೇಲೆಯೇ.

“ಅನ್ನೊಂದ್ನೇ ದಿನಕ್ಕೆ ಬಾ. ಇದ್ನೇ ನಾಲ್ಕ್ ಜನದ ಮುಂದೆ ಏಳು.”

ಅವಳು ಹೋದ ಮೇಲೆ ಮುತ್ತುಸ್ವಾಮಿ ನನ್ನ ಕೈಯಿಂದ ಕಪಾಟಿನ ಬೀಗದ ಕೈ ತೆಗೆದುಕೊಂಡರು.

೧೮ ಜೂನ್, ಮಂಗಳವಾರ — ಮಾರಂಡಹಳ್ಳಿ

ಬೇವಿನ ಮರದಡಿ ಅರವತ್ತು ಜನ ಇದ್ದರು. ಬಸ್ಸಿನಲ್ಲಿ ಬರುವಾಗ ಒಂದು ಭಾಷಣ ಸಿದ್ಧ ಮಾಡಿದ್ದೆ. ಅಲ್ಲಿ ಹಾಸಿದ್ದ ಕಂಬಳಿ ನೋಡಿದ ಮೇಲೆ ಅದು ನೆನಪಾಗಲಿಲ್ಲ.

ಚಿನ್ನಕ್ಕನ ಭಾವ ದೊಡ್ಡಣ್ಣ ಎಂಬ ಹಿರಿಯರು ಕೇಳಿದರು: “ಇಂಜೆಕ್ಸನ್ ಕೊಟ್ಟೋನು ನೀನೇಯಾ?”

“ನಾನೇ.”

“ಏನೇನ್ ಕೂಡದು ಅಂತ ಏಳ್ದೋನೂ ನೀನೇಯಾ?”

“ನಾನೇ. ಸಾರಾಯಿಯನ್ನು ಹೇಳಲಿಲ್ಲ. ಗಿರಿ ಆಣೆ ಮುರಿಯಲಿಲ್ಲ. ತಪ್ಪಿದವನು ನಾನು.”

ಹಿಂದಿನಿಂದ ಯಾರೋ ಬೈದರು. ಒಂದು ಮಣ್ಣಿನ ಹೆಂಟೆ ಬಂದು ನನ್ನ ಕಿವಿಯ ಹತ್ತಿರ ಒಡೆಯಿತು. ದೊಡ್ಡಣ್ಣ ಕೈಯೆತ್ತಿದರು. ಹೆಂಗಸರ ಕಡೆ ತಿರುಗಿ, “ಗಿರಿಗೆ ಎಡೆ ಇಕ್ಕಿ” ಎಂದರು. ಚಿನ್ನಕ್ಕ ಎದ್ದು ಎಲೆ ಹಾಸಿದಳು. ಬಳೆಯಿಲ್ಲದ ಕೈಯಿಂದ ಮುದ್ದೆ ಇಟ್ಟಳು.

ಎದ್ದು ಹೊರಡಬೇಕೆಂದಿದ್ದೆ. ದೊಡ್ಡಣ್ಣ ಬಿಡಲಿಲ್ಲ.

“ಕೂಕೋ. ಲಾರಿಗೆ ಓಗೋ ಐಕ್ಳು ಈ ಊರಾಗೆ ಇನ್ನೂ ಏಳು ಜನ ಅವ್ರೆ. ಅವರ ಕೈ ನಾನೂ ನೋಡಿವ್ನಿ. ಏನೇನ್ ಕೂಡದು, ಈಗ ಏಳು. ಕಾಗ್ದ ಬ್ಯಾಡ, ಬಾಯಾಗೇಳು.”

ಹೇಳಿದೆ. ಪುಸ್ತಕದ ಮಾತು ಬಿಟ್ಟು, ಅವರಿಗೆ ತಿಳಿಯುವ ಹಾಗೆ, ಸಾರಾಯಿಯಿಂದ ಶುರುಮಾಡಿ ಹೇಳಿದೆ. ಗೊರಕೆಯ ಸದ್ದು ಹೇಗಿರುತ್ತದೆಂದು ಬಾಯಲ್ಲೇ ಮಾಡಿ ತೋರಿಸಿದೆ. ಯಾರೂ ನಗಲಿಲ್ಲ. ಒಬ್ಬ ಹುಡುಗನನ್ನು ಮಲಗಿಸಿ ಹೊರಳಿಸುವುದನ್ನು ತೋರಿಸಲು ಹೋದಾಗ, ನನ್ನ ಕೈ ಸರಿಯಿಲ್ಲವೆಂದು ಚಿನ್ನಕ್ಕ ಎಡೆಯ ಕಡೆಯಿಂದ ಎದ್ದು ಬಂದು ತಾನೇ ಹೊರಳಿಸಿದಳು.

ಮುಗಿಸಿದಾಗ ಹಿಂದಿನ ಸಾಲಿನಿಂದ ಒಂದು ದನಿ ಬಂತು, ಹೆಂಟೆ ಎಸೆದವನದೇ ಇರಬೇಕು.

“ಇಲ್ಲಿಗೆ ಸರ್ಯಾಗಿ ಕೇಳುಸ್ಲಿಲ್ಲ. ಇನ್ನೊಂದ್ ದಪ ಏಳು.”

ಮೊದಲಿನಿಂದ ಹೇಳಿದೆ.